ಎಲೆಕ್ಟ್ರೋಡಿನ ಉಪ್ಪು

ನನ್ನ ಹೆಂಡತಿಗೆ ಯಾವುದನ್ನೂ ಅದರ ಪಾಡಿಗೆ ಬಿಟ್ಟು ಗೊತ್ತಿಲ್ಲ. ಒಲೆಯ ಮೇಲೆ ಆಲೂಗಡ್ಡೆ ಇಟ್ಟರೆ ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಚುಚ್ಚುತ್ತಾಳೆ. ಬೇಯುವ ಹೊತ್ತಿಗೆ ಅದು ಜರಡಿಯಾಗಿರುತ್ತದೆ. ಭಾನುವಾರ ಮಧ್ಯಾಹ್ನ ನಾನು ಸ್ವಲ್ಪ ಕಣ್ಣು ಮುಚ್ಚಿದರೆ ಭುಜ ಅಲುಗಿಸಿ, “ನಿದ್ದೆ ಬಂತೇನ್ರೀ?” ಎಂದು ಕೇಳುತ್ತಾಳೆ. ಬಂದಿತ್ತು ಕಣೇ ತಾಯಿ! ನಾನು ಕನ್ನಡಕದ ಅಂಗಡಿ ಇಟ್ಟವನು, ಗಿರಾಕಿಗಳ ಕಿರಿಕಿರಿ ನುಂಗಿ ಅಭ್ಯಾಸವಿದೆ. ಆದರೂ ತಾಳ್ಮೆಗೆ ಒಂದು ಮಿತಿ ಬೇಡವೇ?

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಅವಳು ತಾತ್ಕಾಲಿಕ ಸಂಶೋಧಕಿ. ಮಗಳು ಹುಟ್ಟಿದಾಗಲೂ ತಾತ್ಕಾಲಿಕವೇ, ಮಗಳು ಕಾಲೇಜು ಮೆಟ್ಟಿಲು ಹತ್ತಿದಾಗಲೂ ತಾತ್ಕಾಲಿಕವೇ. ಅವಳ ಕೆಲಸದ ಹೆಸರು ಸಾಲ್ವೊಲಿಸಿಸ್. ಊಟದ ಮೇಜಿನ ಮೇಲೆ ಎರಡು ಚಮಚ ಜೋಡಿಸಿಟ್ಟು ಅವಳು ಅದನ್ನು ನನ್ನ ತಲೆಗೆ ತುಂಬಿದ್ದಾಳೆ. ಅಸಿಟೋನು ಬೆರೆಸಿದ ನೀರಿನಲ್ಲಿ ಒಂದು ವಸ್ತು ಒಡೆದು, ಅದರಿಂದ ಕ್ಲೋರೈಡ್ ಬಿಟ್ಟುಹೋಗುತ್ತದೆ. ಆದರೆ ಒಡೆದ ಎರಡೂ ಚೂರುಗಳು ತಕ್ಷಣ ದೂರ ಸರಿಯುವುದಿಲ್ಲ, ಪಕ್ಕಪಕ್ಕದಲ್ಲೇ ನಿಂತಿರುತ್ತವೆ. ನೀರು ಬಂದು ಒಂದನ್ನು ಹಿಡಿದುಕೊಂಡರೆ ಕೆಲಸ ಮುಗಿಯಿತು. ಇಲ್ಲವಾದರೆ ಮತ್ತೆ ಕೂಡಿಕೊಂಡೂ ಬಿಡಬಹುದು. ಬೇರೆ ಉಪ್ಪು ಕರಗಿಸಿದರೆ ಸಾಮಾನ್ಯವಾಗಿ ಒಡೆಯುವ ವೇಗ ಹೆಚ್ಚುತ್ತದೆ. ಅದೇ ಕ್ಲೋರೈಡ್ ಇರುವ ಉಪ್ಪು ಹಾಕಿದರೆ ಅದು ಚೂರನ್ನು ಮತ್ತೆ ಹಿಡಿದು ಕೂಡಿಸಿ, ವೇಗ ಇಳಿಸುತ್ತದೆ.

ಅವಳ ಪುಟ್ಟ ಫ್ಲಾಸ್ಕಿನಲ್ಲಿ ಯಾವ ಉಪ್ಪನ್ನೂ ಹಾಕದಿದ್ದರೂ ವೇಗ ಇಳಿಯುತ್ತಲೇ ಹೋಗುತ್ತಿತ್ತು. ಒಡೆದಾಗ ಹೊರಬಂದ ಕ್ಲೋರೈಡೇ ಇಷ್ಟು ಅಡ್ಡಗಾಲು ಹಾಕುತ್ತಿದೆ, ಇದು ಯಾರೂ ಕಂಡಿರದ ಪ್ರಮಾಣ ಎಂದು ಅವಳ ಪ್ರೊಫೆಸರ್ ಹಿರಿಹಿರಿ ಹಿಗ್ಗಿದರು. ಅಷ್ಟರಲ್ಲೇ ಕಾಯಂ ಹುದ್ದೆಯೊಂದು ಖಾಲಿಯಾಯಿತು. ಈ ಫಲಿತಾಂಶ ಕೈಯಲ್ಲಿದ್ದರೆ ಹುದ್ದೆ ಅವಳದೇ ಎಂದರು. ಕೊನೆಗೂ ಒಂದು ನೆಲೆ ಸಿಕ್ಕಿತೆಂದು ನಾನು ನೆಮ್ಮದಿಯ ಉಸಿರು ಬಿಟ್ಟೆ.

ಸಂದರ್ಶನಕ್ಕೆ ಒಂದು ವಾರವಿದ್ದಾಗ ಅವಳ ಕನ್ನಡಕ ಮುರಿಯಿತು. ಹೊಸ ಪ್ರಯೋಗ ಆಗ ತಾನೇ ಶುರುವಾಗಿತ್ತು. ವಸ್ತು ಒಡೆದಂತೆಲ್ಲ ಹುಟ್ಟುವ ಆಮ್ಲ ಎಷ್ಟಾಯಿತೆಂದು ಅಳೆಯುವ ಎಲೆಕ್ಟ್ರೋಡನ್ನು ಅವಳು ಮೊದಲಿನಿಂದ ಕೊನೆಯವರೆಗೆ ಫ್ಲಾಸ್ಕಿನಲ್ಲೇ ಮುಳುಗಿಸಿಡುತ್ತಾಳೆ. ಕ್ಷಣಕ್ಷಣಕ್ಕೂ ನೋಡಬೇಕಲ್ಲ! ಕಣ್ಣು ಕಾಣದೆ ಅದನ್ನು ಎಲ್ಲಿ ತಾಗಿಸಿ ಒಡೆದುಬಿಡುತ್ತೇನೋ ಎಂದು ಹೊರಗೆ ತೆಗೆದಿಟ್ಟು ನನ್ನ ಅಂಗಡಿಗೆ ಬಂದಳು. ಚೌಕಟ್ಟು ಸರಿಮಾಡಿ ಕಳುಹಿಸಿದೆ.

ಸಂಜೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದಳು.

“ವಾಪಸ್ ಹೋಗಿ ಮತ್ತೆ ಅದ್ದಿ ಅಳೆದೆ. ಎಲೆಕ್ಟ್ರೋಡ್ ಇಲ್ದೇ ಇದ್ದಾಗ ವೇಗ ಇಳೀಲೇ ಇಲ್ಲ ರೀ.”

“ಒಳ್ಳೇದಾಯ್ತಲ್ಲ?”

“ಏನ್ ಒಳ್ಳೇದು? ಎಲೆಕ್ಟ್ರೋಡ್ ಒಳಗೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. ಅದನ್ನ ಬರೀ ಅಸಿಟೋನು-ನೀರಲ್ಲಿ ಅದ್ದಿಟ್ಟು, ಆಮೇಲೆ ಸಿಲ್ವರ್ ನೈಟ್ರೇಟ್ ಬಿಟ್ಟೆ. ಹಾಲಿನ ಹಾಗೆ ಬೆಳ್ಳಗಾಯ್ತು, ಕ್ಲೋರೈಡ್ ಇದ್ರೇನೇ ಹಾಗಾಗೋದು. ತುದಿ ಸವೆದು ಉಪ್ಪು ಸೋರ್ತಿದೆ. ವೇಗ ಇಳಿಸ್ತಿದ್ದಿದ್ದು ನಾನೇ.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. “ಬೇರೆ ಯಾರಿಗೆ ಗೊತ್ತು ಇದು?”

“ನನಗೆ ಗೊತ್ತಲ್ಲ.”

“ಹುದ್ದೆ ಸಿಗಲಿ, ಆಮೇಲೆ ಹೇಳು. ಒಂದೇ ಒಂದು ಸಲ ಬಾಯಿ ಮುಚ್ಕೊಂಡಿರು. ಕಾಲಿಗೆ ಬೀಳ್ತೀನಿ!”

ಅವಳು ಆಲೂಗಡ್ಡೆಯ ಮುಚ್ಚಳ ತೆಗೆದು ಚುಚ್ಚಿದಳು. ಆ ವಾರವೆಲ್ಲ ನಾನು ಅದನ್ನೇ ಜಪಿಸಿದೆ.

ಸಂದರ್ಶನದ ದಿನ ಮಧ್ಯಾಹ್ನ ಬೇಗ ಮನೆಗೆ ಬಂದಳು. ಚಪ್ಪಲಿ ಬಿಡುತ್ತಲೇ, “ಹೇಳ್ಬಿಟ್ಟೆ” ಎಂದಳು. “ಎಲ್ಲಾ ಮೊದಲಿಂದ ಮಾಡಿ ಅಂದ್ರು. ಹುದ್ದೆ ಬೇರೆಯವರಿಗಂತೆ.”

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕಾದದ್ದು ಈ ಸಂಪತ್ತಿಗೆ! ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆಂದು ಎದ್ದೆ. ಅವಳು ಆಲೂಗಡ್ಡೆಗೆ ನೀರಿಟ್ಟು, ಒಲೆ ಹಚ್ಚಿ, ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಮತ್ತೆ ಕುರ್ಚಿಯಲ್ಲಿ ಕೂತೆ.

ಮುಚ್ಚಳ ತೆಗೆಯಲು ಈಗ ಬರುತ್ತಾಳೆ, ಆಗ ಬರುತ್ತಾಳೆ ಎಂದು ಕಾದೆ. ಬರಲಿಲ್ಲ. ನೀರೆಲ್ಲ ಇಂಗಿ ಸೀದ ವಾಸನೆ ಬಂತು. ಓಡಿಹೋಗಿ ಒಲೆ ಆರಿಸಿದೆ. ಆಗಲೂ ಅವಳು ಕದಲಲಿಲ್ಲ. ಈಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಕೋಣೆಗೆ ಹೋಗಿ, ತಡೆಯಲಾರದೆ ಅವಳ ಭುಜ ಅಲುಗಿಸಿದೆ.

“ನಿದ್ದೆ ಬಂತೇನೇ?”

“ಈಗಷ್ಟೇ ಹತ್ತಿತ್ತು” ಎಂದಳು, ಈ ಕಡೆ ತಿರುಗದೆ. “ಸ್ವಲ್ಪ ಹೊತ್ತು ಸುಮ್ನೆ ಬಿಡೋಕಾಗಲ್ವೇನ್ರೀ ನಿಮಗೆ?”