ಮಗಳು ಬಿಟ್ಟುಹೋದ ಡಬ್ಬಿ

ಹೂಸ್ಟನ್‌ಗೆ ವಾಪಸ್ ಹೊರಟಿದ್ದ ಮಗಳಿಗೆ ಬಿಸಿಬೇಳೆಬಾತ್ ಡಬ್ಬಿ ಕಟ್ಟುತ್ತಿದ್ದೆ. ಸೀಡರ್ ಪಾರ್ಕಿನ ನಮ್ಮ ಮನೆಯಿಂದ ಅವಳು ಬರಿಗೈಲಿ ಹೋದದ್ದೇ ಇಲ್ಲ, ನಾನು ಅಡುಗೆಯವನು. ಟಿವಿಯಲ್ಲಿ ಚುನಾವಣೆಯ ಚರ್ಚೆ ನಡೆದಿತ್ತು. ನನ್ನದು ಕನ್ಸರ್ವೇಟಿವ್ ಬುದ್ಧಿ, ತನ್ನದು ಲಿಬರಲ್ ಎಂದು ಅವಳು ಮೊದಲಿಂದಲೂ ರೇಗಿಸುತ್ತಿದ್ದಳು.

"ದುಡಿದೋನು ಉಣ್ಣಲಿ. ಸರ್ಕಾರ ಯಾಕೆ ಎಲ್ಲರಿಗೂ ಬಡಿಸ್ಬೇಕು? ಏಳನೇ ಕ್ಲಾಸಿಗೇ ಸೌಟು ಹಿಡಿದೋನು ನಾನು, ಯಾರ ಹತ್ರಾನೂ ಕೈಚಾಚಿಲ್ಲ" ಎಂದೆ.

"ಇಲ್ಲಿ ನಿಂಗೆ ಕೆಲಸ ಹೋದಾಗ ಆರು ತಿಂಗಳು ಅನ್ನ ಹಾಕಿದ್ದು ಯಾರಪ್ಪಾ?"

"ಇಲ್ಲೇ ಇರೋ ಧಾರವಾಡದ ಡಾಕ್ಟರ್ ಅಂಕಲ್. ಅವರು ನಮ್ಮೋರು ಕಣೇ, ಸರ್ಕಾರ ಅಲ್ಲ."

"ನಮ್ಮೋರು ಅಂತ ಯಾರೂ ಇಲ್ದೋರು ಏನ್ ಮಾಡ್ಬೇಕು?"

ಸೋಲಲು ಮನಸ್ಸು ಬರಲಿಲ್ಲ. "ನನ್ನ ಅನ್ನ ತಿಂದು ನನಗೇ ಪಾಠ ಹೇಳ್ಬೇಡ" ಎಂದುಬಿಟ್ಟೆ. ಅವಳು ಡಬ್ಬಿಯನ್ನು ನನ್ನ ಕಡೆಗೇ ಸರಿಸಿ, ಹೋಗಿ ಕಾರು ಹತ್ತಿದಳು.

ಎಂಟು ತಿಂಗಳಾಯಿತು. ಅವಳ ಫೋನು ಅಮ್ಮನಿಗೆ ಮಾತ್ರ ಬರುತ್ತದೆ. ಊರಿಗೆಲ್ಲ ಬಡಿಸುವ ನಾನು ಮಗಳ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದೇನೆ. ಅವಳ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಸಿಕ್ಕರೂ ಯಾರಿಗೆ ಹೇಳಲಿ?