ಕರೆಯದೇ ಉಳಿದ ಓಣಿ

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ. ಲಕ್ಷ್ಮೇಶ್ವರದ ಆಚೆಯ ಹಳ್ಳಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ, ಬಟ್ಟೆ ಹೊಲಿದು ಮನೆ ನಡೆಸುವ ಪಿಂಜಾರರ ಹುಡುಗಿ, ಗ್ರಾಮ ಪಂಚಾಯಿತಿಗೆ ನಿಲ್ಲುತ್ತೇನೆಂದಳು. ಬೆಟಗೇರಿಯ ಮನೆಗೆ ಬೀಗ ಹಾಕಿ ಬಸ್ಸು ಹತ್ತಿದೆ. "ಈ ವಯಸ್ಸಿನಾಗ ನಿನಗ್ಯಾಕ ರಾಜಕಾರಣ?" ಎಂದ ತಮ್ಮನಿಗೆ, "ನಿನ್ನ ವಯಸ್ಸಿನಾಗ ನಿನಗ್ಯಾಕ ಇಸ್ಪೀಟು?" ಎಂದು ಕೇಳಿದೆ.

ಅದು ಮಹಿಳೆಯರಿಗೆ ಮೀಸಲಾದ ಸೀಟು. ಊರ ಹಿರಿಯರು ಕಟ್ಟೆಯ ಮೇಲೆ ಕೂತು, ಒಬ್ಬ ವ್ಯಾಪಾರಿಯ ಹೆಂಡತಿಯನ್ನು ಅವಿರೋಧವಾಗಿ ಆರಿಸುವುದೆಂದು ಮಾತಾಡಿಕೊಂಡಿದ್ದರು. ಸಹಿ ಹೆಂಡತಿಯದು, ಸಭೆಯಲ್ಲಿ ಕುರ್ಚಿ ಗಂಡನದು ಎಂಬುದು ಊರಿಗೇ ಗೊತ್ತಿತ್ತು. ನಮ್ಮ ಹುಡುಗಿ ನಾಮಪತ್ರ ಹಾಕಿದಾಗ ಒಬ್ಬ ಹಿರಿಯರು, "ನೀ ಸೋತ್ರ ಇನ್ನೊಬ್ಬ ಹುಡಿಗಿ ಪಂಚಾಯ್ತಿ ಕಡೆ ಹಾಯಂಗಿಲ್ಲ, ತಿಳ್ಕೊ" ಎಂದರಂತೆ. ಬೆದರಿಕೆಯೋ ಬುದ್ಧಿಮಾತೋ, ಮಾತು ಮಾತ್ರ ಖರೆ. ಅದಕ್ಕೇ ಅವಳು ಗೆಲ್ಲಲೇಬೇಕೆಂದು ನನಗೆ ಹಟ ಬಂತು.

ಮನೆಮನೆ ತಿರುಗಿದೆವು. ಅವಳು ಕುಬಸ ಹೊಲಿಯದ ಮನೆಯೇ ಇರಲಿಲ್ಲ. ಬಾಗಿಲಲ್ಲಿ ನಿಂತು ಕೈ ಮುಗಿದರೆ, "ಓಟಿಂದು ಇರ್ಲಿ, ಮೊನ್ನಿ ತೋಳು ಬಿಗಿ ಮಾಡಿಟ್ಟಿಯಲ್ಲ!" ಎಂಬ ತಕರಾರು ಒಳಗಿನಿಂದ ಬರುತ್ತಿತ್ತು. ಅವಳು ನಗುತ್ತಾ ಸರಿಮಾಡಿ ಕೊಡಲೆಂದು ಆ ಕುಬಸವನ್ನೂ ಇಸಿದುಕೊಂಡು ಬರುತ್ತಿದ್ದಳು. ಪ್ರಚಾರಕ್ಕೆ ಹೋದವಳ ಚೀಲದಲ್ಲಿ ಕರಪತ್ರಕ್ಕಿಂತ ಕುಬಸಗಳೇ ಹೆಚ್ಚಾದವು.

"ನಿಮ್ಮ ಓಣಿಗೆ ಯಾವಾಗ?" ಎಂದು ಕೇಳಿದೆ.

"ಅದನ್ನ ಬಿಡ್ರಿ ಅಕ್ಕಾರ. ಅಲ್ಲಿ ಎಲ್ಲಾರೂ ಮನಿಯವರ. ಮನಿಯವರಿಗೇನ್ ಕೇಳೂದು?"

ಸರಿ ಎನ್ನಿಸಿತು. ಮುಂದಿನ ಓಣಿಗೆ ನಡೆದೆವು.

ಮತದಾನದ ದಿನ ಮಧ್ಯಾಹ್ನ ನಮ್ಮ ಏಜೆಂಟ್ ಬೂತಿನಿಂದ ಬೆವರೊರೆಸುತ್ತಾ ಬಂದ. "ನಿಮ್ಮ ಓಣಿಯವರು ಒಬ್ಬರೂ ಬಂದಿಲ್ಲ" ಎಂದ. ಹುಡುಗಿಯ ಮುಖ ಸಪ್ಪಗಾಯಿತು. ಇಬ್ಬರೂ ಓಡಿದೆವು.

ಬೇವಿನ ಕಟ್ಟೆಯ ಮೇಲೆ ಅವಳ ದೊಡ್ಡವ್ವ ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಶೇಂಗಾ ಹಸನು ಮಾಡುತ್ತಿದ್ದಳು. ಎಲ್ಲರೂ ಒಗೆದ ಸೀರೆ ಉಟ್ಟಿದ್ದರು, ತಲೆ ಬಾಚಿದ್ದರು. ಸೊಂಟದಲ್ಲಿ ಸಿಕ್ಕಿಸಿದ ಓಟಿನ ಚೀಟಿ ಕೂಡ ಕಾಣುತ್ತಿತ್ತು.

"ದೊಡ್ಡವ್ವಾ, ಯಾಕ ಇನ್ನೂ ಬಂದಿಲ್ಲ?"

ದೊಡ್ಡವ್ವ ಮೊರದಿಂದ ಕಣ್ಣೆತ್ತಲಿಲ್ಲ. "ಊರೆಲ್ಲಾ ಕೈ ಮುಗದು ಕರದಿ. ನಮ್ಮ ಬಾಗಲಾ ಕಾಣ್ಲಿಲ್ಲೇನು?"

ನಮ್ಮ ಕಡೆ ಮದುವೆಗೆ ಒಂದೇ ಗೋಡೆಯ ಅಣ್ಣತಮ್ಮಂದಿರನ್ನೂ ಬಾಗಿಲಿಗೆ ಹೋಗಿಯೇ ಕರೆಯಬೇಕು. ಹೊರಗಿನವರನ್ನು ಮರೆತರೆ ನಡೆದೀತು, ಒಳಗಿನವರನ್ನು ಮರೆತರೆ ಆ ಸಿಟ್ಟು ಮೊಮ್ಮಕ್ಕಳ ತನಕ ಹೋಗುತ್ತದೆ. ಓಟೂ ಒಂದು ಕಾರ್ಯವೇ ಎಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಈಗ ಕರೆಯೋಣವೆಂದರೆ ಪ್ರಚಾರದ ಅವಧಿ ಮುಗಿದಿತ್ತು. ಮೂಲೆಯಲ್ಲಿ ಎದುರಾಳಿಯ ಕಡೆಯವನೊಬ್ಬ ವಿಡಿಯೊ ತೆಗೆಯಲು ಮೊಬೈಲ್ ಹಿಡಿದು ಕಾಯುತ್ತಿದ್ದ. "ಓಟಿನ ಸುದ್ದಿ ತಗದೀ ಅಂದ್ರ ನೋಡು!" ಎಂದು ಅವಳ ಕಿವಿಯಲ್ಲಿ ಗದರಿದೆ.

ಅವಳು ನೆಲಕ್ಕೆ ಕೂತಳು. ಒಂದು ಮೊರ ಎಳೆದುಕೊಂಡು ಹಸನು ಮಾಡತೊಡಗಿದಳು. "ನಾ ಏನೂ ಕೇಳಾಕ ಬಂದಿಲ್ಲ ದೊಡ್ಡವ್ವಾ. ತಪ್ಪಾತು ಅನ್ನಾಕ ಬಂದೀನಿ. ನಮ್ಮವರು ಅಂತ ನಿಮ್ಮನ್ನ ಲೆಕ್ಕಕ್ಕ ಹಿಡೀಲಿಲ್ಲ" ಎಂದಳು. ಕಣ್ಣೀರು ಶೇಂಗಾದ ಮೇಲೆ ಬಿತ್ತು. ಉಳಿದವರು ಹಸನು ಮಾಡುತ್ತಲೇ ಇದ್ದರು. ಹೊತ್ತು ಹೋಗುತ್ತಿತ್ತು, ನನಗೋ ಎಲ್ಲರನ್ನೂ ರಟ್ಟೆ ಹಿಡಿದು ಎಬ್ಬಿಸುವಷ್ಟು ಸಿಟ್ಟು. ತುಟಿ ಕಚ್ಚಿ ನಿಂತೆ.

ದೊಡ್ಡವ್ವ ಅವಳ ಕೈಯಿಂದ ಮೊರ ಕಸಿದುಕೊಂಡಳು. "ಹರಳೆಲ್ಲಾ ಹಂಗ ಬಿಟ್ಟೀಯಲ್ಲ! ಏಳ್ ಅತ್ಲಾಗ." ಆಮೇಲೆ ಉಳಿದವರ ಕಡೆ ತಿರುಗಿ, "ಏಳ್ರೇ, ಜಲ್ದಿ, ಬೂತ್ ಮುಚ್ಚತಾರ" ಎಂದಳು. ಇಡೀ ಓಣಿ ಸೀರೆ ಕೊಡವಿ ಎದ್ದಿತು.

ಹುಡುಗಿ ಗೆದ್ದಳು. ಗೆಲುವಿನ ಅಂತರ ಆ ಓಣಿಯ ಓಟುಗಳಿಗಿಂತ ಕಡಿಮೆ ಇತ್ತು. ಎಣಿಕೆ ಮುಗಿಸಿ ಊರಿಗೆ ಬಂದಾಗ ಗುಲಾಲಿನಲ್ಲಿ ಯಾರ ಮುಖ ಯಾರದೆಂದು ತಿಳಿಯುತ್ತಿರಲಿಲ್ಲ. ಈ ಸಲ ಅವಳು ಮೊದಲು ತನ್ನ ಓಣಿಗೇ ಹೋದಳು. ದೊಡ್ಡವ್ವ ಅವಳ ಗದ್ದ ಹಿಡಿದೆತ್ತಿ ಹೇಳಿದಳು:

"ಅವತ್ತ ನೀ ಕರೀಲಿಲ್ಲ, ಆದ್ರೂ ನಾವು ಬಂದ್ವಿ. ಇನ್ನ ಐದ ವರ್ಷ ನಾವು ಕರೀದಿದ್ರೂ ನೀ ಬರಬೇಕು."

"ಬರ್ತೀನಿ" ಎಂದಳು ಹುಡುಗಿ. ನಾನು ಗುಲಾಲು ಕಣ್ಣಿಗೆ ಬಿತ್ತೆಂದು ಸೆರಗಿನಿಂದ ಮುಖ ಒರೆಸಿಕೊಂಡೆ.