ಸೆರೆತಿಟ್ಟಿನ ಒಂಟಿ ಗೋಡೆ

ವಂಶದಲ್ಲಿ ಯಾರಾದರೂ ಜೈಲು ಕಂಡಿದ್ದರೆ ಬೇರೆ ಕಡೆ ಮುಚ್ಚಿಡುತ್ತಾರೆ. ನಮ್ಮ ಹೆಗ್ಗಡದೇವನಕೋಟೆ ಸೀಮೆಯ ನಾಲ್ಕಾರು ಹಳ್ಳಿಗಳಲ್ಲಿ ಮಾತ್ರ ಹೆಣ್ಣು ಕೇಳಲು ಹೋದರೆ ಮೊದಲು ವಿಚಾರಿಸುತ್ತಿದ್ದುದೇ ಅದನ್ನು. ಕಪಿಲೆಯ ನಡುವೆ ಸೆರೆತಿಟ್ಟು ಎಂಬ ನಡುಗಡ್ಡೆ. ಹಿಂದೆ ಯಾವನೋ ಪಾಳೆಯಗಾರ ಕಂದಾಯ ಕೊಡದವರನ್ನು ಅಲ್ಲಿ ಕೂಡಿಹಾಕುತ್ತಿದ್ದನಂತೆ; ಹೋದವರಲ್ಲಿ ತಿರುಗಿ ಬಂದವರು ಕಡಿಮೆಯಂತೆ. ಅವರ ವಂಶದವರು 'ಸೆರೆಯವರು', ಅವರನ್ನು ಕಾದವರ ವಂಶ 'ಕಾವಲಿನವರು'. ಸೆರೆಯವರು ಕಾವಲಿನವರಿಗೆ ಹೆಣ್ಣು ಕೊಡುತ್ತಿರಲಿಲ್ಲ. ಯಾರನ್ನು ಕೇಳಿದರೂ ತಾವು ಸೆರೆಯವರೇ. ಹಾಗಾದರೆ ಕಾಯುತ್ತಿದ್ದವರು ಯಾರು ಎಂದು ಚಿಕ್ಕಂದಿನಲ್ಲಿ ಕೇಳಿ ಅಪ್ಪನಿಂದ ಏಟು ತಿಂದಿದ್ದೆ.

ನನಗೆ ಇಪ್ಪತ್ತೆರಡಾದಾಗ ಒಂದು ಹುಡುಗಿಯನ್ನು ನೋಡಿಕೊಂಡು ಬಂದೆವು. ನೀರು ಕೊಡುವಾಗ ಅವಳು ನನ್ನ ಸಡಿಲ ಪೇಟ ನೋಡಿ ನಕ್ಕಳು. ಕಟ್ಟಿಕೊಂಡರೆ ಇವಳನ್ನೇ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಆದರೆ ಅವಳ ಅಪ್ಪ ಪುರಾವೆ ಕೇಳಿದರು. "ಅಮಲ್ದಾರ್ರು ಬರೆದ್ಕೊಟ್ರೂ ನಂಬಾಕಿಲ್ಲ, ನಾನೇ ನೋಡ್ಬೇಕು" ಎಂದರು. ಸೆರೆಯಲ್ಲಿದ್ದವರು ತಂತಮ್ಮ ಮನೆಯ ದನಗಳಿಗೆ ಹಾಕುವ ಬರೆಯ ಗುರುತನ್ನು ಅಲ್ಲಿನ ಗೋಡೆಯ ಮೇಲೆ ಕೆತ್ತಿದ್ದಾರೆಂದು ಮಾತಿತ್ತು. ನಮ್ಮ ಗುರುತು ಕುಡುಗೋಲು, ಅವರದು ಮೂರು ಗೀಟು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೂವರೂ ಹರಿಗೋಲು ಹತ್ತಿದೆವು. ದಾರಿಯುದ್ದಕ್ಕೂ ಅಪ್ಪನೂ ಅವರೂ ಮಾತುಮಾತಿಗೆ "ಬೀಗ್ರೇ, ಬೀಗ್ರೇ" ಎನ್ನುತ್ತಿದ್ದರು.

ಅಂಬಿಗ ನಮ್ಮನ್ನಿಳಿಸಿ, "ಸಂತೆ ಮೇಕೆಗೋಳ್ನ ದಾಟಿಸ್ಬುಟ್ಟು ಬತ್ತೀನಿ, ಕುಂತಿರಿ" ಎಂದು ಹೊರಟುಹೋದ.

ಭಯಂಕರ ಸೆರೆಮನೆಯೆಂದು ಕೇಳಿ ಕೇಳಿ ನಾನು ಏನೇನೋ ಊಹಿಸಿಕೊಂಡಿದ್ದೆ. ನಿಂತಿದ್ದುದು ಒಂದೇ ಒಂದು ಕಲ್ಲುಗೋಡೆ. ಉಳಿದದ್ದನ್ನು ಹೊಳೆಯೂ ಕೊಟ್ಟಿಗೆ ಕಟ್ಟುವವರೂ ಹೊತ್ತುಕೊಂಡು ಹೋಗಿದ್ದರು. ಗೋಡೆಯ ಪಡುವಣ ಮುಖದಲ್ಲಿ ಮೂರು ಗೀಟು ಸಿಕ್ಕಿತು. ಅವಳ ಅಪ್ಪನಿಗೆ ಆನಂದ. ಸುತ್ತಿಕೊಂಡು ಮೂಡಣಕ್ಕೆ ಬಂದರೆ, ಸರಿಯಾಗಿ ಅದರ ಬೆನ್ನಿಗೇ ನಮ್ಮ ಕುಡುಗೋಲು. ನಮ್ಮಪ್ಪನಿಗೂ ಆನಂದ. ಆಮೇಲೆ ಇಬ್ಬರಿಗೂ ಒಟ್ಟಿಗೇ ಅರಿವಾಯಿತು: ಗೋಡೆಯ ಒಂದು ಮಗ್ಗುಲು ಒಳಗಾದರೆ ಇನ್ನೊಂದು ಹೊರಗು.

"ಒಳಗು ಆ ಕಡೆ ಕಣ್ರೀ ಗೌಡ್ರೇ. ನಿಮ್ಮೋರು ಇಲ್ಲಿ ನಿಂತ್ಕಂಡು ಕಾಯ್ತಿದ್ರು" ಎಂದರು ಅವಳ ಅಪ್ಪ.

"ಯಾರು ಯೋಳಿದ್ದು ಗೌಡ್ರೇ? ಒಳಗು ಇದೇಯ. ಆಚೆ ಈಟಿ ಹಿಡ್ಕಂಡು ನಿಂತಿದ್ದೋರು ನಿಮ್ಮೋರು" ಎಂದರು ಅಪ್ಪ.

ಬೀಗರು ಗೌಡರಾಗಿಬಿಟ್ಟಿದ್ದರು.

ಅಂಬಿಗನ ಸುಳಿವಿಲ್ಲ. ಬಿಸಿಲೇರಿತು. ನೆರಳು ಪಡುವಣಕ್ಕಿತ್ತು, ಅವಳ ಅಪ್ಪ ಅಲ್ಲಿ ಹಾಯಾಗಿ ಕೂತರು. ಅಪ್ಪ ಮೂಡಣದಲ್ಲಿ ಬೇಯುತ್ತ ಕೂತರು, ಏಕೆಂದರೆ ಆಚೆ ಹೋದರೆ ಕಾವಲಿನವರ ಜಾಗದಲ್ಲಿ ಕೂತಂತೆ. ಬುತ್ತಿ ಅವರ ಬಳಿ, ನೀರಿನ ತಂಬಿಗೆ ನಮ್ಮ ಬಳಿ. ನಾನು ರೊಟ್ಟಿಯನ್ನು ಈಚೆಗೂ ನೀರನ್ನು ಆಚೆಗೂ ಸಾಗಿಸಿದೆ. ಹೊತ್ತು ತಿರುಗಿ ನೆರಳು ಈಚೆ ಬಂತು. ಬೇಯುವ ಸರದಿ ಅವರದಾಯಿತು. ಅವರೂ ಕದಲಲಿಲ್ಲ. ಪಾಳೆಯಗಾರ ಸತ್ತು ಎಷ್ಟೋ ತಲೆಮಾರಾಗಿತ್ತು, ಈ ಇಬ್ಬರು ತಾವಾಗಿಯೇ ಸೆರೆಯಲ್ಲಿ ಕೂತಿದ್ದರು. ನನಗೆ ನಗುವೂ ಬಂತು, ಹುಡುಗಿ ಕೈತಪ್ಪಿದಳಲ್ಲ ಎಂದು ಅಳುವೂ ಬಂತು.

ಅವಳ ಅಪ್ಪ ತಲೆಗೆ ವಸ್ತ್ರ ಹೊದ್ದು ತೂಕಡಿಸಿದಾಗ ಒಂದು ಚೂಪುಗಲ್ಲು ಹಿಡಿದು, ಅವರ ಮೂರು ಗೀಟಿನ ಕೆಳಗೇ ಕುಡುಗೋಲು ಗೀಚತೊಡಗಿದೆ. ಒಂದೇ ಕಡೆ ಇದ್ದರೆ ಜಗಳವೇ ಇಲ್ಲವಲ್ಲ! ಗೀಚಿದೆ, ಗೀಚಿದೆ. ಉಗುರು ಕಿತ್ತು ರಕ್ತ ಬಂತು. ಗೋಡೆಯ ಮೇಲೆ ಬಂದದ್ದು ಉಜ್ಜಿದರೆ ಹೋಗುವ ಬಿಳಿ ಗೆರೆ.

"ಏನ್ಲಾ ಅದು?" ಅವರು ಎಚ್ಚರವಾಗಿದ್ದರು.

ಸುಳ್ಳು ಹೇಳಲು ತೋಚಲಿಲ್ಲ. "ಮಾವ, ಕಳ್ಳಗುರುತು ಆಕಕ್ಕೋದೆ, ಆಗ್ನಿಲ್ಲ. ಇಷ್ಟೊತ್ತಾದ್ರೂ ನೂಲಿನಷ್ಟೂ ಇಳೀನಿಲ್ಲ. ನಿಮ್ಮ ಗೀಟೊಳಕ್ಕೆ ನೋಡಿ, ಬೆರಳೇ ಓಯ್ತದೆ. ಎಷ್ಟು ವರ್ಸ ಕುಂತಿದ್ರೋ."

 ಅವರು ಗೀಟಿನಲ್ಲಿ ಬೆರಳಿಟ್ಟು ನೋಡಿದರು. ಆಮೇಲೆ ಜಾಗ ಬಿಟ್ಟು ಎದ್ದು, ಗೋಡೆ ಸುತ್ತಿ ಬಂದು, ನಮ್ಮ ಕುಡುಗೋಲಿನಲ್ಲಿ ಬೆರಳಿಟ್ಟರು. ಅದೂ ಅಷ್ಟೇ ಆಳ.

"ಕಾವಲಿನೋನು ಸಂಜೆ ಆದ್ರೆ ಮನೇಗೆ ಓಯ್ತಾನೆ" ಎಂದರು ನಿಧಾನವಾಗಿ. "ಇಷ್ಟು ಕೆತ್ತಕ್ಕೆ ಅವ್ನಿಗೆಲ್ಲಿ ಪುರುಸೊತ್ತು? ಎರಡು ಕಡೇನೂ ಒಳಗೇ ಕಣ್ರೀ. ಎರಡು ಕ್ವಾಣೆ, ಒಂದೇ ಗ್ವಾಡೆ."

ಅಪ್ಪ ಕುಡುಗೋಲನ್ನು ಸವರಿದರು, ಕಣ್ಣು ತುಂಬಿಕೊಂಡವು. ಜೀವಮಾನವೆಲ್ಲ ಹೆಮ್ಮೆಪಟ್ಟವರಿಗೆ ಇಲ್ಲೊಬ್ಬ ಮನುಷ್ಯ ನಿಜವಾಗಿ ಕೂತಿದ್ದನೆಂಬುದು ಆವತ್ತೇ ತಟ್ಟಿರಬೇಕು. ನನಗಂತೂ ಆವತ್ತೇ ತಟ್ಟಿತು.

ಅಂಬಿಗ ಇಳಿಹೊತ್ತಿಗೆ ಬಂದ. ಹರಿಗೋಲಿನ ತುಂಬ ಮೇಕೆಹಿಕ್ಕೆ. ಅದರ ಮೇಲೇ ಇಬ್ಬರೂ ಒತ್ತಿಕೊಂಡು ಕೂತರು. ನಡುಹೊಳೆಯಲ್ಲಿ ಅವಳ ಅಪ್ಪ ತಿರುಗಿ ಗೋಡೆಯನ್ನೇ ನೋಡುತ್ತ ಕೇಳಿದರು:

"ಬೀಗ್ರೇ, ಗ್ವಾಡೆ ಆಚೆ ಇನ್ನೊಬ್ಬ ಅವ್ನೆ ಅಂತ ಅವ್ರಿಗೆ ಗೊತ್ತಿತ್ತಾ?"

"ಕೆತ್ತೋ ಸದ್ದು ಕೇಳಿರ್ತದೆ ಬುಡಿ" ಎಂದರು ಅಪ್ಪ.